ದಪ್ಪ ಕೋಟಿನ ನೆಪ

ಟಕ್ — ಬಂದೂಕಿನ ಹಿಡಿಗೆ ಮೂರನೆಯ ಪ್ಲಾಸ್ಟಿಕ್ ಬಿಲ್ಲೆ ಕೂತ ಸದ್ದು. ಅನು, ಆ ಸದ್ದಾದ ಸ್ವಲ್ಪ ಹೊತ್ತಿಗೇ ನಾನು ನಿನ್ನ ಅಪ್ಪನಿಗೆ ಒಂದು ಸುಳ್ಳು ಹೇಳಿದೆ. ಆರು ವರ್ಷದಿಂದ ಅದನ್ನು ನಿನ್ನಿಂದಲೂ ಮುಚ್ಚಿಟ್ಟಿದ್ದೇನೆ.

ರಿಟೈರ್ ಆದಮೇಲೆ ಅಪ್ಪ ಇಲ್ಲಿ ಜರ್ಮನಿಯಲ್ಲಿ ಬೇಟೆ ಲೈಸೆನ್ಸಿನ ಪರೀಕ್ಷೆ ಪಾಸು ಮಾಡಿದ್ದು ನಿನಗೆ ಗೊತ್ತು. ಕಾಡುಹಂದಿಗಿಂತ ಬೆಳಗಿನ ಕಾಡೇ ಅವರಿಗೆ ಬೇಕಿತ್ತು. ಒಂದು ಜನವರಿಯಲ್ಲಿ, ದಪ್ಪ ಕೋಟು ತೊಟ್ಟು, ಕಾರ್ಲ್ಸ್‌ರುಹೆಯ ಬಂದೂಕಿನ ಅಂಗಡಿಯಲ್ಲಿ ಏಳೆಂಟು ರೈಫಲ್ ಎತ್ತಿ ನೋಡಿದರು. ಕಣ್ಣು ಮುಚ್ಚಿ ಭುಜಕ್ಕೇರಿಸಿ, ಆಮೇಲೆ ಕಣ್ಣು ಬಿಡಬೇಕು. ಕತ್ತು ಅಲುಗಿಸದೆ ರೈಫಲ್ ಮೇಲಿನ ದುರ್ಬೀನಿನ ನಡುವೆಯೇ ದೃಷ್ಟಿ ಬಿದ್ದರೆ ಅದು ಮೈಗೆ ಹೊಂದಿತು ಎಂದರ್ಥ. "ನೋಡೇ, ನಿನಗಿಂತ ಬೇಗ ಒಗ್ಗಿಬಿಡ್ತು ಇದು," ಎಂದು ನನ್ನನ್ನು ರೇಗಿಸಿದ್ದರು.

ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ, "ಯಾಕೋ ಸರಿಯಾಗಿ ಕೂರ್ತಿಲ್ಲ ಕಣೇ, ಭುಜಕ್ಕೆ ಒದೆಯುತ್ತೆ," ಎಂದರು. ಮತ್ತೆ ಅದೇ ಅಂಗಡಿ. ಯಜಮಾನ ಹಿಡಿಯ ತುದಿಗೆ ಒಂದು ಬಿಲ್ಲೆ ಸೇರಿಸಿ ಉದ್ದ ಮಾಡಿದ, ಸಾಲಲಿಲ್ಲ. ಇನ್ನೊಂದು. ಮತ್ತೊಂದು. ಕೆನ್ನೆ ಒರಗಿಸುವ ಮರವನ್ನೂ ಎತ್ತರಿಸಿದ. ಅಪ್ಪ ಪಾರ್ಕಿಂಗ್ ಟಿಕೆಟ್ ಬದಲಿಸಲು ಹೊರಗೆ ಹೋದಾಗ, ಜರ್ಮನ್‌ನಲ್ಲಿ ಮೆಲ್ಲಗೆ ಹೇಳಿದ: "ಕೋಟು ತೆಳುವಾದರೆ ಒಂದು ಬಿಲ್ಲೆ ಸಾಕು, ಮೂರು ಬೇಡ. ಕೆನ್ನೆಗಂತೂ ಯಾರೂ ಕೋಟು ಹಾಕುವುದಿಲ್ಲ. ಅವರು ಕರಗುತ್ತಿದ್ದಾರೆ, ಮೇಡಂ. ಡಾಕ್ಟರಿಗೆ ತೋರಿಸಿ."

ಅಪ್ಪ ಒಳಗೆ ಬಂದರು. "ಏನಂತೆ?"

"ಆವತ್ತು ದಪ್ಪ ಕೋಟು ಹಾಕಿದ್ರಲ್ಲ ರೀ, ಅದಕ್ಕೇ ಅಂತೆ."

ನಂಬಿದರು. ಕಣ್ಣು ಮುಚ್ಚಿ ರೈಫಲ್ ಏರಿಸಿದರು, ಕಣ್ಣು ಬಿಟ್ಟರು — "ಪರ್ಫೆಕ್ಟ್!"

ನನಗೆ ಗೊತ್ತಿರಲಿಲ್ಲ ಎನ್ನಲಾರೆ. ಆ ಬೇಸಿಗೆಯಲ್ಲೇ ಅವರ ಪ್ಯಾಂಟುಗಳ ಗುಂಡಿಗಳನ್ನು ಎರಡು ಸಲ ಒಳಕ್ಕೆ ಸರಿಸಿ ಹೊಲಿದಿದ್ದೆ. ಟೆಸ್ಟು, ರಿಪೋರ್ಟು ಯಾವುದೂ ಇಲ್ಲದ ಇನ್ನೊಂದೇ ಒಂದು ವಿಂಟರ್ ನನಗೆ ಬೇಕಿತ್ತು — ನನಗೆ, ಅವರಿಗಲ್ಲ. ಕಾನ್ವೆಂಟಿನಲ್ಲಿ ಕ್ಯಾಥೊಲಿಕ್ ಹುಡುಗಿಯರು ಪಾದ್ರಿಯ ಮುಂದೆ ತಪ್ಪೊಪ್ಪಿಕೊಳ್ಳಲು ಕನ್ಫೆಷನ್‌ಗೆ ಹೋದಾಗ ನಾವು ಹಿಂದೂ ಹುಡುಗಿಯರು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದೆವು. ಒಳಗೆ ಹೋದವರು ಹೇಗೆ ಶುರು ಮಾಡುತ್ತಾರೋ, ಇವತ್ತಿಗೂ ನನಗೆ —

ಮಾರ್ಚ್‌ನಲ್ಲಿ ಅಪ್ಪ ಕುಸಿದುಬಿದ್ದರು. ಸೆಪ್ಟೆಂಬರಿನಲ್ಲೇ ಬಂದಿದ್ದರೆ ಗೆಡ್ಡೆಯನ್ನು ಆಪರೇಷನ್ ಮಾಡಿ ತೆಗೆಯಬಹುದಿತ್ತು ಎಂದರು ಡಾಕ್ಟರ್. "ನಾನೇ ಕೇರ್‌ಲೆಸ್ ಆಗಿಬಿಟ್ಟೆ ಪುಟ್ಟಾ," ಎಂದು ಅಪ್ಪ ಸಾಯುವ ಮುಂಚೆ ನಿನ್ನ ಕೈ ಹಿಡಿದು ಹೇಳಿದರಲ್ಲ, ಆಗ ನಾನು ಅದೇ ಮಂಚದ ಪಕ್ಕ ನಿಂತಿದ್ದೆ.

ಕಳೆದ ತಿಂಗಳು, ಮ್ಯಾನ್‌ಹೈಮ್ ಸ್ಟೇಷನ್ನಿನಲ್ಲಿ, "ಇಟ್ ವಾಸ್ ಹಿಸ್ ಓನ್ ಫಾಲ್ಟ್, ಅಮ್ಮ. ಸೋ ಸ್ಟಬರ್ನ್! ಐ ಸ್ಟಿಲ್ ಕಾಂಟ್ ಫರ್ಗಿವ್ ಹಿಮ್," ಎಂದೆಯಲ್ಲ — ನಾನು ಬಾಯಿ ತೆರೆದೆ. ತೆರೆದದ್ದು ನಿಜ, ಅನು. ಅಷ್ಟರಲ್ಲಿ ನಿನ್ನ ಟ್ರೇನ್ ಬಂತು, ನಾನು ತಲೆಯಾಡಿಸಿದೆ, ಹೌದು ಎನ್ನುವ ಹಾಗೆ. ನೀನು ನನ್ನನ್ನು ತಬ್ಬಿಕೊಂಡು, ಹತ್ತಿ ಹೋದೆ.