ಎಡಗೈಯಲ್ಲಿ ಕೆದಕಿದ ಉಪ್ಪಿಟ್ಟು

ಜಪಾನಿನಲ್ಲಿ ಮಗಳ ಮನೆಯಿರುವ ಕೋಟೋದ ಕಾಲುದಾರಿಯಲ್ಲಿ ಸೈಕಲ್ ಸವಾರನೊಬ್ಬ ಗುದ್ದಿ ನನ್ನ ಬಲ ಮಣಿಕಟ್ಟು ಮುರಿದ. ಅದಕ್ಕೆ ಸಲ್ಲಬೇಕಾದ ಪರಿಹಾರವನ್ನು ಅವನ ವಿಮಾ ಕಂಪನಿ ಅರ್ಧಕ್ಕಿಳಿಸಿತು. ನನ್ನ ನೋವನ್ನು ತೂಗಲು ಮನೆಗೆ ಬಂದ ವಿಮಾ ಅಧಿಕಾರಿ ಮಹಾ ವಿನಯವಂತರು. ನನ್ನ ಬ್ಯಾಂಡೇಜಿಗೂ ಬಾಗಿ ವಂದಿಸಿದರು. ಪ್ರತಿ ಪ್ರಶ್ನೆಗೂ ಮೊದಲು ‘ಸುಮಿಮಾಸೆನ್’ ಎಂದು ಕ್ಷಮೆ ಬೇಡುವರು. ಮಗಳು ಅನುವಾದಿಸುತ್ತಿದ್ದಳು.

“ಅಮ್ಮಾ, ಅಡುಗೆ ಮಾಡೋಕೆ ಆಗಲ್ವಾ ಅಂತ ಕೇಳ್ತಿದಾರೆ.”

“ಆಗಲ್ಲ ಅಂತ ಹೇಳೇ. ಮನೆಗೆ ಬರೋರಿದಾರೆ ಅಂತ ಇವತ್ತು ಎಡಗೈಲಿ ಒದ್ದಾಡಿ ಉಪ್ಪಿಟ್ಟು ಕೆದಕಿದೀನಿ. ಮೊದ್ಲು ತಿನ್ನಲಿ.”

ಅವರು ತಟ್ಟೆಯ ಫೋಟೊ ತೆಗೆದು, ಕೈಜೋಡಿಸಿ, ಎರಡು ಸಲ ಬಡಿಸಿಕೊಂಡು ತಿಂದರು. ಫೋಟೊ ನೆನಪಿಗಿರಬೇಕೆಂದು ನಾನು ಹಿಗ್ಗಿದೆ. ಕಂಪನಿಯ ತೀರ್ಮಾನದಲ್ಲಿ ಅದೇ ಸಾಕ್ಷಿಯಾಗಿತ್ತು: ಗಾಯಾಳು ಅಡುಗೆ ಮಾಡಬಲ್ಲರು.

ಕಂಪನಿಯ ಮಹನೀಯರೇ, ನಿಮ್ಮವರನ್ನು ಬರಿಹೊಟ್ಟೆಯಲ್ಲಿ ಕಳಿಸಿದ್ದರೆ ನನ್ನ ಮೂಳೆ ಪೂರ್ತಿ ಮುರಿದಂತಾಗುತ್ತಿತ್ತೇ?