ಕಾಟಾದ ಚಾಚಾ ತಿನ್ನದ ಪೇಡೆಗಳು

ಜನವರಿ ೧೮, ಭಾನುವಾರ. ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಬರೆಯಲು ಕೂತಿದ್ದೇನೆ.

ಚಾಚಾನ ಎಡಗೈ ಬೆರಳ ತುದಿಗಳಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳಿದ್ದವು. ಚೀಲ ಹೊಲಿಯುವ ದಬ್ಬಣ ಚುಚ್ಚಿದ್ದು ಎಂದು ಎಲ್ಲರೂ ತಿಳಿದಿದ್ದರು. ಹುಮನಾಬಾದಿನ ಬೇಳೆ ಮಿಲ್ಲಿನಲ್ಲಿ ಲಾರಿ ತೂಗುವ ಕಾಟಾ ಅವರದು, ಗೇಟ್ ಪಾಸ್ ಬರೆಯುವ ಕೆಲಸ ನನ್ನದು. ಇಬ್ಬರೂ ಬಸವಕಲ್ಯಾಣದಿಂದ ಎಂಟು ಹತ್ತರ ಬಸ್ಸಿಗೆ ಬರುತ್ತಿದ್ದೆವು.

ಹೊಸ ತೊಗರಿ ಬರುವಾಗ ಪ್ರತಿ ವ್ಯಾಪಾರಿ ಮೊದಲ ಲಾರಿಯ ಜೊತೆ ಪೇಡೆ ಹಂಚುತ್ತಾನೆ. ಅವನೆದುರೇ ಬಾಯಿಗೆ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಮಾಲಿಗೆ ಅಪಶಕುನ ಎಂದು ಮುಖ ಸಣ್ಣ ಮಾಡುತ್ತಾನೆ. ಚಾಚಾ ಮಾತ್ರ ಅದನ್ನು ಹಣೆಗೆ ಮುಟ್ಟಿಸಿ, ಕಾಗದದಲ್ಲಿ ಸುತ್ತಿ ಜೇಬಿಗೆ ಇಳಿಸುತ್ತಿದ್ದರು.

“ಮೊಮ್ಮಗಳಿಗಿ.”

“ಇಷ್ಟ ಪೇಡೆ ತಿಂದು ಆಕಿ ಈಗ ಬಾಗಲದಾಗ ಹಿಡಿಸ್ತಾಳೇನ್ರಿ ಚಾಚಾ?” ಎಂದು ಹಮಾಲರು ಕಾಡುತ್ತಿದ್ದರು. ಚಾಚಾ ಕೂಡ ನಗುತ್ತಿದ್ದರು.

ಆ ಸುಗ್ಗಿಯಲ್ಲಿ ಮೂವತ್ತೊಂದು ಪೇಡೆ ಬಂದವೆಂದು ನನ್ನ ಡೈರಿಯಲ್ಲಿದೆ. ಮೂವತ್ತೊಂದನ್ನೂ ನಾನು ತಿಂದೆ, ತಿಂದು ಗೋದಾಮಿನ ಹಿಂದೆ ಹೋಗಿ ಇನ್ಸುಲಿನ್ ಚುಚ್ಚಿಕೊಂಡೆ. ಹತ್ತೊಂಬತ್ತನೇ ವಯಸ್ಸಿಗೇ ನನಗೆ ಸಕ್ಕರೆ ಕಾಯಿಲೆ ಬಂದಿತ್ತು. ಹಿಂದೆ ಒಂದು ಬಟ್ಟೆ ಅಂಗಡಿಯಲ್ಲಿ ಸೇರಿದ ದಿನವೇ ಹೇಳಿದ್ದೆ. ತಿಂಗಳೊಳಗೆ ಮಾಲೀಕರು, “ನಿನಗ ಆರಾಮಿಲ್ಲ, ಮನಿಯಾಗ ಇರವಾ” ಎಂದಿದ್ದರು. ಈ ಸಲ ಬಾಯಿ ಮುಚ್ಚಿಕೊಂಡಿದ್ದೆ.

ಒಂದು ಮಧ್ಯಾಹ್ನ ಗೋದಾಮಿನ ಹಿಂದೆ ಚಾಚಾ ನನ್ನನ್ನು ನೋಡಿಬಿಟ್ಟರು. ತಮ್ಮ ಅಂಗಿಯ ಅಂಚು ಎತ್ತಿ ಹೊಟ್ಟೆಯ ಮೇಲಿನ ಚುಚ್ಚಿದ ಗುರುತು ತೋರಿಸಿದರು. ಬೆರಳ ಚುಕ್ಕೆಗಳು ದಬ್ಬಣದವಲ್ಲ, ಸಕ್ಕರೆ ಪರೀಕ್ಷೆಗೆ ಚುಚ್ಚಿಕೊಂಡವು ಎಂದು ಆಗ ತಿಳಿಯಿತು.

“ಎಷ್ಟ ವರ್ಷ ಆತು ಬೇಟಾ?”

“ಐದು.”

“ನಂದು ಹದಿನೆಂಟು. ಯಾರಿಗೂ ಹೇಳಿಲ್ಲ. ಶುಗರ್ ಅಂದ್ರ ಮುದುಕನ ಕಣ್ಣ ಹೋದ್ವು ಅಂತಾರ, ಕಾಟಾದಿಂದ ಎಬ್ಬಸ್ತಾರ.”

ಫೆಬ್ರವರಿಯ ಒಂದು ಮಂಗಳವಾರ ಲಾರಿಗಳ ಸಾಲು ಗೇಟಿನಾಚೆಗೂ ಇತ್ತು. ಎರಡೂವರೆಯಾದರೂ ಚಾಚಾ ಊಟಕ್ಕೆ ಎದ್ದಿರಲಿಲ್ಲ. ಒಂದೇ ಲಾರಿಯ ತೂಕವನ್ನು ಮೂರು ಸಲ ಮೂರು ರೀತಿ ಓದಿದರು. ಅಂಗಿ ಬೆವರಿಗೆ ಒದ್ದೆಯಾಗಿತ್ತು, ಮಾತು ತೊದಲುತ್ತಿತ್ತು.

“ಮುದುಕ ಕುಡದು ಬಂದಾನ ನೋಡ್ರಿ!” ಎಂದು ಡ್ರೈವರ್ ಕೂಗಿದ. ಹಮಾಲರು ಮೂರ್ಛೆ ರೋಗವೆಂದು ಈರುಳ್ಳಿ ಒಡೆದು ಮೂಗಿಗೆ ಹಿಡಿದರು.

ನನಗೆ ನೋಡಿದೊಡನೆ ಗೊತ್ತಾಗಿತ್ತು. ಹೇಳಿದರೆ ಅವರ ಕುರ್ಚಿ ಹೋಗುತ್ತದೆ. ಎರಡು ನಿಮಿಷ ಸುಮ್ಮನೆ ನಿಂತೆ. ಆಮೇಲೆ ಕೂಗಿದೆ:

“ಈರುಳ್ಳಿ ತಗೀರಿ! ಅವರಿಗಿ ಶುಗರ್ ಅದ, ಈಗ ಕಮ್ಮಿ ಆಗ್ಯಾದ. ಜೇಬಿನಾಗ ಪೇಡೆ ಇರತಾವ, ತಿನಸ್ರಿ!”

“ನಿನಗ ಹ್ಯಾಂಗ ಗೊತ್ತವಾ?” ಎಂದರು ಮ್ಯಾನೇಜರ್.

“ನನಗೂ ಅದ್ರಿ.”

ಎರಡು ಪೇಡೆ ತಿಂದು ಕಾಲು ಗಂಟೆಗೆ ಚಾಚಾ ಚೇತರಿಸಿಕೊಂಡರು. ಸಂಜೆ ಬಸ್ಸಿನಲ್ಲಿ ಚಾಚಾ, “ನನ್ನದು ಹೇಳಿದಿ, ಇರಲಿ. ನಿಂದ್ಯಾಕ ಹೇಳಿದಿ ಬೇಟಾ? ಅದೊಂದು ಉಳಸ್ಕೋಬೇಕಿತ್ತು” ಎಂದರು.

ಮರುವಾರ ಅವರನ್ನು ಕಾಟಾದಿಂದ ಎಬ್ಬಿಸಿ ಖಾಲಿ ಚೀಲ ಎಣಿಸಲು ಹಾಕಿದರು. ನನ್ನ ಕೆಲಸ ಉಳಿಯಿತು. ಜೊತೆಗೆ “ಅಕ್ಕೋರ, ನಿಮಗ ಚಾ ನಡೀತದೇನ್ರಿ?” ಎಂಬ ಪ್ರಶ್ನೆಯೂ ಬಂತು. ಒಂದು ತಿಂಗಳಲ್ಲಿ ತೊಂಬತ್ತಾರು ಸಲ ಕೇಳಿದರು, ಆಮೇಲೆ ಎಣಿಸುವುದನ್ನು ಬಿಟ್ಟೆ. ಚಾಚಾ ಮಾತ್ರ ಕೇಳಲಿಲ್ಲ. ದಿನಾ ಒಂದು ಗಂಟೆಗೆ ಸರಿಯಾಗಿ ಡಬ್ಬಿ ಹಿಡಿದು ಬಂದು, “ಏಳು, ಮೊದಲ ರೊಟ್ಟಿ” ಎನ್ನುತ್ತಿದ್ದರು.

ನವೆಂಬರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ಗೋದಾಮಿನ ಹಿಂದಿನ ಆ ಮಧ್ಯಾಹ್ನಕ್ಕೂ ಆ ಮಂಗಳವಾರಕ್ಕೂ ನಡುವೆ ನಾವು ಬಸ್ಸಿನಲ್ಲಿ ಜೊತೆಗೆ ಕೂತದ್ದು ನಲವತ್ತಮೂರು ಸಲ. ನಿಮಗೇನಾದರೂ ಆದರೆ ಯಾರಿಗೆ, ಎಷ್ಟು ಹೇಳಲಿ ಎಂದು ಒಮ್ಮೆಯೂ ನಾನು ಕೇಳಲಿಲ್ಲ. ಈ ಮಿಲ್ಲಿಗೂ ಮುಂಚೆ ಅವರು ಬಸವಕಲ್ಯಾಣದಲ್ಲಿ ಕಾಟಾ ನೋಡುತ್ತಿದ್ದರಂತೆ. ಅಲ್ಲಿ ಅವರ ಜೊತೆ ದುಡಿದವರು ಇದನ್ನು ಓದಿದರೆ ನನಗೊಂದು ಸಾಲು ಬರೆಯಿರಿ: ಯಾರಿಗೆ, ಎಷ್ಟು ಹೇಳಬೇಕೆಂದು ಅವರು ನಿಮಗಾದರೂ ಹೇಳಿದ್ದರೇ?