ಮೃದಂಗದವರ ಮುಖ

೧೯೪೭ರಲ್ಲಿ ನಾನು ಮಂಡ್ಯದಲ್ಲಿ ಒಂದು ಸಣ್ಣ ಸ್ಟುಡಿಯೋ ನಡೆಸುತ್ತಿದ್ದೆ. ಮದುವೆ, ನಾಮಕರಣ, ತೀರಿಕೊಂಡವರನ್ನು ಕುರ್ಚಿಯಲ್ಲಿ ಕೂರಿಸಿ ತೆಗೆಯುವ ಕೊನೆಯ ಚಿತ್ರ, ಇವು ಹೊಟ್ಟೆಪಾಡು. ಸಂಗೀತ ಕಚೇರಿಯ ಚಿತ್ರ ತೆಗೆಯುವುದು ನನ್ನ ಹುಚ್ಚು. ಮದ್ದೂರು, ಮಳವಳ್ಳಿ ಕಡೆಯ ಗಣಪತಿ ಹಬ್ಬದ ಕಚೇರಿಗಳಿಗೆ ಕರೀಂ ಸಾಬರನ್ನೇ ಕರೆಸಿ ಎನ್ನುವಷ್ಟು ಹೆಸರು ಬಂದಿತ್ತು.

ಹೆಸರು ಪುಕ್ಕಟೆ ಬಂದದ್ದಲ್ಲ. ಶುರುವಿನಲ್ಲಿ ನನ್ನ ಚಿತ್ರಗಳಲ್ಲಿ ಗಾಯಕರಿಗೆ ಎರಡೆರಡು ಮೂಗು ಇರುತ್ತಿದ್ದವು. ಗ್ಯಾಸ್‌ಲೈಟಿನ ಬೆಳಕು ಕಣ್ಣಿಗೆ ಸಾಕು, ಪ್ಲೇಟಿಗೆ ಸಾಲದು. ಪ್ಲೇಟು ಎಂದರೆ ಬೆಳಕು ಹಿಡಿಯುವ ಮದ್ದು ಬಳಿದ ಗಾಜು. ಅಂಥ ಬೆಳಕಿನಲ್ಲಿ ಅದಕ್ಕೆ ಅರ್ಧ ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಎದುರಿನವರು ತಲೆ ಆಡಿಸಿದರೆ ಮುಖವೆಲ್ಲ ಕಲಸಿಹೋಗುತ್ತದೆ. ಇದಕ್ಕೆ ಸುಲಭದ ಉಪಾಯ ಫ್ಲ್ಯಾಷ್ ಪೌಡರ್. ತಗಡಿನ ತಟ್ಟೆಗೆ ಮೆಗ್ನೀಸಿಯಂ ಬೆರೆತ ಪುಡಿ ಸುರಿದು ಕಿಡಿ ತಾಕಿಸಿದರೆ ಭಗ್ಗೆಂದು ಉರಿಯುತ್ತದೆ, ಕೂತವರೆಲ್ಲ ಕೂತ ಹಾಗೆಯೇ ಪ್ಲೇಟಿಗೆ ಬೀಳುತ್ತಾರೆ. ಆದರೆ ಆ ಹೊಗೆಗೆ ಗಾಯಕರಿಗೆ ಕೆಮ್ಮು ಹತ್ತಿದರೆ ಕಚೇರಿ ಮುಗಿದಂತೆಯೇ. ಹಾಗಾಗಿ ಪುಡಿಯ ಡಬ್ಬಿ ನನ್ನ ಚೀಲದಲ್ಲಿ ಆಪತ್ತಿಗೆಂದು ಇರುತ್ತಿತ್ತೇ ಹೊರತು ಕೈಗೆ ಬರುತ್ತಿದ್ದದ್ದು ಅಪರೂಪ.

ನನ್ನ ಸಲಕರಣೆ ಬೇರೆ. ಮಂಡ್ಯದ ಬಳಿ ಸರ್ಕಾರದ ಬೇಸಾಯ ಸಂಶೋಧನೆ ನಡೆಯುತ್ತಿದ್ದ ವಿ.ಸಿ. ಫಾರಂನ ಅಧಿಕಾರಿಯೊಬ್ಬರು ರೋಗ ಬಿದ್ದ ಕಬ್ಬಿನ ಎಲೆಗಳ ಚಿತ್ರ ತೆಗೆಯಲು ಇಟ್ಟುಕೊಂಡಿದ್ದ ಮಡಿಸುವ ಕ್ಯಾಮೆರಾವನ್ನು ವರ್ಗವಾಗಿ ಹೋಗುವಾಗ ನನಗೆ ಬಿಟ್ಟುಕೊಟ್ಟಿದ್ದರು. ಅದರ ಲೆನ್ಸು ಅಗಲ, ಬೆಳಕು ಧಾರಾಳವಾಗಿ ಒಳಗೆ ಬರುತ್ತಿತ್ತು. ಶಟರಿನ ಸದ್ದು ಎರಡನೆಯ ಸಾಲಿಗೂ ಕೇಳುತ್ತಿರಲಿಲ್ಲ. ನಮ್ಮಪ್ಪ ಗ್ಯಾಸ್‌ಲೈಟು ರಿಪೇರಿ ಮಾಡುತ್ತಿದ್ದವರಾದ್ದರಿಂದ ದೀಪವನ್ನು ಎಷ್ಟು ದೂರ ಕಟ್ಟಿದರೆ ಬೆಳಕೂ ಸಿಗುತ್ತದೆ, ಅದರ ಬುಸ್ ಸದ್ದೂ ಹಾಡಿಗೆ ಅಡ್ಡ ಬರುವುದಿಲ್ಲ ಎಂಬುದು ಚಿಕ್ಕಂದಿನಿಂದ ಗೊತ್ತಿತ್ತು. ಇನ್ನುಳಿದದ್ದು, ಮನುಷ್ಯ ಯಾವಾಗ ಅಲ್ಲಾಡುವುದಿಲ್ಲ ಎಂಬ ವಿದ್ಯೆ. ಅದನ್ನು ಕಲಿಸಿದವರು ಹೊಳಲಿನ ತಮ್ಮಯ್ಯ ಮೇಷ್ಟ್ರು.

ಮೇಷ್ಟ್ರು ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು, ಸಂಜೆ ಮೃದಂಗ ನುಡಿಸುತ್ತಿದ್ದರು. ನನ್ನನ್ನು ಎದುರಿಗೆ ಕೂರಿಸಿಕೊಂಡು ತಾಳ ಹಾಕಿಸಿದರು. ಗಾಯಕ ಷಡ್ಜದಲ್ಲಿ ನಿಂತಾಗ ಅವನ ಕುತ್ತಿಗೆಯೂ ನಿಲ್ಲುತ್ತದೆ, ಪಿಟೀಲಿನವರು ಕಮಾನು ತಿರುಗಿಸುವ ಮುನ್ನ ಒಂದು ಗಳಿಗೆ ಕಲ್ಲಾಗುತ್ತಾರೆ, ಮೃದಂಗದವರು ಮುಕ್ತಾಯಕ್ಕೆ ಮೊದಲು ತುಸು ಬಿಡುವು ಕೊಡುತ್ತಾರೆ ಎಂದೆಲ್ಲ ತೋರಿಸಿಕೊಟ್ಟರು. ಅದಾದ ಮೇಲೆ ನಾನು ಕಣ್ಣಿಗಿಂತ ಕಿವಿಯನ್ನು ನಂಬಿ ಗುಂಡಿ ಒತ್ತುವವನಾದೆ.

ಆ ವರ್ಷ ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮಹಾರಾಜರ ಮೈಸೂರು ಸೀಮೆಯಲ್ಲಿ ಜನ ಆರಿಸಿದ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. ಸೆಪ್ಟೆಂಬರಿನಲ್ಲಿ ಚಳವಳಿ ಶುರುವಾಗಿ ಜೈಲುಗಳು ತುಂಬಿದವು. ಮೇಷ್ಟ್ರು ಕೆಲಸ ಬಿಟ್ಟು ತಲೆಮರೆಸಿಕೊಂಡರು. ಊರೂರಿಗೆ ಕರಪತ್ರ ಮುಟ್ಟಿಸುವವರು ಅವರೇ ಎಂದು ಪೊಲೀಸರು ಹುಡುಕುತ್ತಿದ್ದರು. ಆದರೆ ಪೊಲೀಸರ ಬಳಿ ಅವರ ಒಂದು ಚಿತ್ರವೂ ಇರಲಿಲ್ಲ. ಮುಖ ಬಲ್ಲ ಪೇದೆಗಳು ಮಂಡ್ಯ ಠಾಣೆಯಲ್ಲಿ ಮಾತ್ರ ಇದ್ದರು.

ಆಗಲೇ ಮದ್ದೂರಿನ ಪಟೇಲರೊಬ್ಬರ ಮನೆಯಿಂದ ಕರೆ ಬಂತು. ಅಂಗಳದಲ್ಲಿ ಗಣಪತಿ ಕೂರಿಸಿದ್ದರು, ಮೈಸೂರಿನ ವಿದ್ವಾಂಸರ ಕಚೇರಿ ಇತ್ತು. ಪಟೇಲರಿಗೆ ಊರೂ ಬೇಕು, ಸರ್ಕಾರವೂ ಬೇಕು. ಮುಂದಿನ ಸಾಲಿನಲ್ಲಿ ಮದ್ದೂರು ಠಾಣೆಯ ಸಬ್‌ಇನ್ಸ್‌ಪೆಕ್ಟರಿಗೆ ಒಂದು ಕುರ್ಚಿ ಹಾಕಿಸಿದ್ದರು. ಇಡೀ ಮೇಳ ಒಂದೇ ಚಿತ್ರದಲ್ಲಿ ಬರಬೇಕು, ಒಂದು ಪ್ರತಿ ಸಾಹೇಬರಿಗೂ ಕೊಡಬೇಕು ಎಂದು ನನಗೆ ಹೇಳಿದರು.

ಕೈ ತೊಳೆಯಲೆಂದು ಹಿತ್ತಿಲಿಗೆ ಹೋದೆ. ಅಲ್ಲಿ ಮೇಳದ ಮೃದಂಗದವರು ಬೆನ್ನು ಹಾಕಿ ಕೂತು ಮೃದಂಗದ ಎಡಮೈಗೆ ರವೆಯ ಕಣಕ ಮೆತ್ತುತ್ತಿದ್ದರು. ನನ್ನ ಹೆಜ್ಜೆ ಸದ್ದು ಕೇಳಿ ಕೈ ನಿಲ್ಲಿಸಿದರು. ತಿರುಗಿ ನೋಡಿದರು. ಗಡ್ಡ ಬಿಟ್ಟಿದ್ದರೂ ನನಗೆ ತಕ್ಷಣ ಗೊತ್ತಾಯಿತು, ತಮ್ಮಯ್ಯ ಮೇಷ್ಟ್ರು. ವಿದ್ವಾಂಸರು ಅವರನ್ನು ತಮ್ಮ ಪಕ್ಕವಾದ್ಯದವರೆಂದು ಹೇಳಿ ಬೆಳಿಗ್ಗೆ ಮೈಸೂರಿಗೆ ಕರೆದೊಯ್ಯುವವರಿದ್ದರು. ಪಟೇಲರಿಗೆ ಇದು ಗೊತ್ತಿರಲಿಲ್ಲ.

"ಕರೀಮ, ನನ್ ಮಕ ಬರ್ಬಾರ್ದು ಕಣ್ಲಾ," ಎಂದರು ಮೇಷ್ಟ್ರು. "ಆ ಪಟ ಮಂಡ್ಯ ಟೇಸನ್ನಿಗೋದ್ರೆ ನಾನೊಬ್ನೇ ಅಲ್ಲ, ನಂಗೆ ಅನ್ನ ಇಕ್ಕಿದ ಮನೆಯೋರ್ನೆಲ್ಲ ಎಳ್ಕೊಂಡೋಯ್ತಾರೆ."

ಮೃದಂಗದವರನ್ನು ಬಿಟ್ಟು ಚಿತ್ರ ತೆಗೆದರೆ ಪಟೇಲರು ಯಾಕೆ ಎಂದು ಕೇಳುತ್ತಾರೆ. ಪಟೇಲರು ಕೇಳಿದರೆ ಪಕ್ಕದ ಕುರ್ಚಿಯೂ ಕೇಳುತ್ತದೆ. ಏನೋ ಮಾಡ್ತೀನಿ ಮೇಷ್ಟ್ರೇ ಎಂದೆ. ಏನು ಮಾಡುವುದೆಂದು ಮಾತ್ರ ಹೊಳೆದಿರಲಿಲ್ಲ. ಸುಮ್ಮನೆ ತಲೆ ತಗ್ಗಿಸಿದರೆ ಸಾಲದು, ಪಟೇಲರೇ ತಲೆ ಎತ್ತಿಸುವ ಪೈಕಿ. ಒಂದಂತೂ ಖಂಡಿತವಿತ್ತು. ಫ್ಲ್ಯಾಷ್ ಹೊತ್ತಿದರೆ ಗಡ್ಡದ ಕೂದಲು ಕೂಡ ಎಣಿಸುವಂತೆ ಬೀಳುತ್ತದೆ. ಚೀಲದಿಂದ ಪುಡಿಯ ಡಬ್ಬಿ ತೆಗೆದು, ಅಲ್ಲಿದ್ದ ಚೊಂಬಿನ ನೀರನ್ನು ಅದಕ್ಕೆ ಸುರಿದು, ಅಲುಗಿಸಿ ಮುಚ್ಚಿದೆ. ಯುದ್ಧದ ದಿನಗಳಿಂದ ಆ ಪುಡಿ ಸಿಗುವುದೇ ಕಷ್ಟವಾಗಿತ್ತು, ಹೊಟ್ಟೆ ಉರಿಯಿತು.

ಹೆದರಿದ್ದಂತೆಯೇ ಆಯಿತು. ಕಚೇರಿ ಶುರುವಾಗುವ ಮುಂಚೆ ಪಟೇಲರು ನನ್ನ ಎರಡು ಗ್ಯಾಸ್‌ಲೈಟು ನೋಡಿ ಮುಖ ಸಿಂಡರಿಸಿದರು.

"ಭಗ್ ಅಂತ ಉರಿಸ್ತಾರಲ್ಲ, ಅದನ್ನ ಉರಿಸಿ ಸಾಬ್ರೇ. ಎಲ್ರ ಮಕಾನೂ ಬೆಳ್ಳಗೆ ಕಾಣ್ಬೇಕು."

ಮಳೆಗೆ ಪುಡಿ ತೇವವಾಗಿಬಿಟ್ಟಿದೆ ಎಂದೆ. ಸಬ್‌ಇನ್ಸ್‌ಪೆಕ್ಟರು ಕುರ್ಚಿಯಲ್ಲೇ ಈ ಕಡೆ ತಿರುಗಿದರು. ಅನುಮಾನ ಅವರ ಕಸುಬು.

"ಡಬ್ಬಿ ತನ್ನಿ ಇಲ್ಲಿ," ಎಂದರು.

ಅವರೇ ಒಂದು ಚಿಟಿಕೆ ಪುಡಿ ತಟ್ಟೆಗೆ ಹಾಕಿ ಬೆಂಕಿಕಡ್ಡಿ ಹಿಡಿದರು. ತಳದಲ್ಲೆಲ್ಲೋ ಒಣ ಪುಡಿ ಉಳಿದಿದ್ದರೆ ಎಂದು ತಟ್ಟೆಯನ್ನೇ ನೋಡಿದೆ. ಕಡ್ಡಿ ಚುಯ್ ಎಂದು ಆರಿತು. ಅವರು ಕೈ ಒರೆಸಿಕೊಂಡು, ಇರುವುದರಲ್ಲೇ ತೆಗೆಯಿರಿ ಎಂದು ಮೇಳದ ಕಡೆ ತಿರುಗಿದರು. ನಾನು ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ಹಾಕಿ ಅಲ್ಲೇ ಉಸಿರು ಬಿಟ್ಟೆ.

ಉಪಾಯ ಹೊಳೆದದ್ದು ಆ ಬಟ್ಟೆಯೊಳಗೆ. ಇಷ್ಟು ವರ್ಷ ನಾನು ಯಾವುದನ್ನು ತಪ್ಪಿಸಲು ಒದ್ದಾಡಿದ್ದೆನೋ ಅದೇ ಈಗ ಬೇಕಾಗಿತ್ತು. ವಿದ್ವಾಂಸರು ನಿಶ್ಚಲವಾಗಿರಬೇಕು, ಮೇಷ್ಟ್ರ ತಲೆ ಮಾತ್ರ ಅಲ್ಲಾಡುತ್ತಿರಬೇಕು. ಅಂಥ ಹೊತ್ತು ಕಚೇರಿಯಲ್ಲಿ ಒಂದೇ, ತನಿ ಆವರ್ತನ. ಹಾಡು ನಿಂತು ಮೃದಂಗಕ್ಕೊಂದಕ್ಕೇ ಅವಕಾಶ ಸಿಗುವ ಹೊತ್ತದು. ಗಾಯಕರು ತೊಡೆಯ ಮೇಲೆ ತಾಳ ಹಾಕುತ್ತ ಸುಮ್ಮನೆ ಕೂತಿರುತ್ತಾರೆ.

ಆದರೆ ಮೇಷ್ಟ್ರೇ ಹೇಳಿಕೊಟ್ಟ ಆ ಬಿಡುವುಗಳಿದ್ದವಲ್ಲ. ನುಡಿಸುತ್ತ ನುಡಿಸುತ್ತ ಅವರು ಥಟ್ಟನೆ ನಿಲ್ಲುವ ಜಾಗ. ನಾನು ಗುಂಡಿ ಒತ್ತಿದ್ದು ಅಲ್ಲಿಗೆ ಸರಿಹೋದರೆ ಮುಖ ಅಚ್ಚೊತ್ತಿದ ಹಾಗೆ ಬಂದುಬಿಡುತ್ತದೆ. ತನಿ ಶುರುವಾದಾಗ ನನ್ನ ಕೈ ಬೆವತು ಜಾರುತ್ತಿತ್ತು. ತಾಳ ಎಣಿಸುತ್ತೇನೆ, ಅರ್ಧದಲ್ಲೇ ತಪ್ಪುತ್ತದೆ. ಸಬ್‌ಇನ್ಸ್‌ಪೆಕ್ಟರು ನನ್ನ ಕಡೆಯೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಆಗ ಮೇಷ್ಟ್ರು ತಲೆ ಎತ್ತಿ ನನ್ನ ಕೈಯನ್ನೇ ನೋಡಿದರು. ನಾನು ಬೆರಳನ್ನು ಗುಂಡಿಯ ಮೇಲೆ ಅವರಿಗೆ ಕಾಣುವಂತೆ ಇಟ್ಟೆ. ಅವರಿಗೆ ಅರ್ಥವಾಯಿತು. ನಡೆ ದುಪ್ಪಟ್ಟಾಯಿತು, ಮೈಯೆಲ್ಲ ಕುಣಿಯಿತು. ಒತ್ತಿದೆ.

ಮಂಡ್ಯಕ್ಕೆ ಬಂದು ಕತ್ತಲಕೋಣೆಯ ಕೆಂಪು ದೀಪದಲ್ಲಿ ಪ್ಲೇಟು ತೊಳೆದೆ. ವಿದ್ವಾಂಸರು ಮೊದಲು ಮೂಡಿದರು, ಹಣೆಯ ನಾಮದ ಸಮೇತ. ಆಮೇಲೆ ಪಿಟೀಲು, ಆಮೇಲೆ ಮೃದಂಗ. ಮೃದಂಗದ ಮೇಲೆ ಮುಖವಿರಬೇಕಾದ ಜಾಗದಲ್ಲಿ ಬರೀ ಮಂಜು. ಕೆಟ್ಟ ಪ್ಲೇಟು ನೋಡಿ ಅಲ್ಲಾಹುವಿಗೆ ಶುಕ್ರಿಯಾ ಹೇಳಿದ್ದು ಅದೊಂದೇ ಸಲ.

ಪಟೇಲರು ಹಿಗ್ಗಾಮುಗ್ಗಾ ಬೈದರು. ವಿದ್ವಾಂಸರ ಮುಖ ಚೆನ್ನಾಗಿ ಬಂದಿದ್ದರಿಂದ ಬೈದುಕೊಂಡೇ ಕಟ್ಟು ಹಾಕಿಸಿ ಹಜಾರದಲ್ಲಿ ನೇತುಹಾಕಿದರು. ಸಾಹೇಬರು ತಮ್ಮ ಪ್ರತಿಯನ್ನು ಗುರುತು ಹಿಡಿಯಲೆಂದು ಮಂಡ್ಯ ಠಾಣೆಗೆ ಕಳಿಸಿದರು. ಮೇಷ್ಟ್ರನ್ನು ಬಲ್ಲ ಪೇದೆ ಅದನ್ನು ಹಿಡಿದುಕೊಂಡು ನನ್ನ ಸ್ಟುಡಿಯೋಗೇ ಬಂದ. ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ನಾನು ಲೆನ್ಸು ಒರೆಸುತ್ತಿದ್ದೆ, ಒರೆಸಿದ್ದನ್ನೇ ಒರೆಸುತ್ತಿದ್ದೆ.

"ಇವ್ರಿಗೆ ಮಕಾನೇ ಇಲ್ವಲ್ಲಾ ಸಾಬ್ರೇ," ಎಂದು ನಕ್ಕು ಹೋದ.

ಗಂಡಾಂತರ ಕಳೆಯಿತೆಂದು ಒಂದು ವಾರ ನೆಮ್ಮದಿಯಾಗಿ ಉಂಡೆ. ಆಮೇಲೆ ಒಂದು ಮಧ್ಯಾಹ್ನ ಮೇಷ್ಟ್ರ ಹೆಂಡತಿ ಜಯಮ್ಮನವರು ಸೆರಗು ಹೊದ್ದು ಬಂದರು. ಗಂಡ ಮೈಸೂರಿನಲ್ಲಿ ಕ್ಷೇಮವಾಗಿದ್ದಾರೆ ಎಂಬ ಸುದ್ದಿ ತಲುಪಿತ್ತು, ಅದನ್ನು ನನಗೆ ಹೇಳಲು ಬಂದಿದ್ದರು. ಮೇಜಿನ ಮೇಲೆ ಅದೇ ಚಿತ್ರದ ಇನ್ನೊಂದು ಪ್ರತಿ ಬಿದ್ದಿತ್ತು. ನಾನು ಏನೂ ಹೇಳಿರಲಿಲ್ಲ. ಅವರ ಕಣ್ಣು ಅದರ ಮೇಲೆ ಬಿತ್ತು, ನೆಟ್ಟು ನಿಂತಿತು.

"ಇವ್ರೇ ಅಲ್ವೇನಣ್ಣ?" ಎಂದರು. ಮಂಜಿನ ಮೇಲೆ ಬೆರಳಿಟ್ಟರು. "ಜೋರಾಗಿ ಬಾರಿಸ್ವಾಗ ಎಡದ ಭುಜ ಹಿಂಗೇ ಕಿವಿಗಂಟ ಏರ್ತದೆ. ಎಷ್ಟು ದೂರ್ದಲ್ಲಿ ನಿಂತ್ರೂ ನಂಗೊತ್ತಾಯ್ತದೆ."

ಅವರ ಕಣ್ಣಲ್ಲಿ ನೀರು. ಅವರಿಗೆ ಗೊತ್ತಾದದ್ದು ಬೇರೆಯವರಿಗೂ ಗೊತ್ತಾಗಬಹುದಲ್ಲ. ಮೇಷ್ಟ್ರ ಮೃದಂಗವನ್ನು ಹತ್ತು ಸಲ ಕೇಳಿದವರು ನಮ್ಮ ಸೀಮೆಯಲ್ಲಿ ಎಷ್ಟು ಜನ! ಪಟೇಲರ ಹಜಾರದಲ್ಲಿ ಅಮಲ್ದಾರರು, ಶಾನುಭೋಗರು, ಪೊಲೀಸರು ದಿನವೂ ಕಾಫಿ ಕುಡಿಯುತ್ತಿದ್ದರು, ಚಿತ್ರ ಅವರ ತಲೆಯ ಮೇಲೇ ಇತ್ತು. ಮರುದಿನವೇ ಮದ್ದೂರಿಗೆ ಹೋಗಿ, ಆ ಮುಖವನ್ನು ತಿದ್ದಿ ಕೊಡುತ್ತೇನೆ, ನನ್ನ ಹೆಸರಿಗೆ ಅವಮಾನ ಎಂದು ಕಾಡಿ ಬೇಡಿ ಚಿತ್ರ ಬಿಡಿಸಿಕೊಂಡು ಬಂದೆ. ಅಕ್ಟೋಬರಿನಲ್ಲಿ ಮಹಾರಾಜರಿಗೂ ಚಳವಳಿಯವರಿಗೂ ರಾಜಿಯಾಗಿ ಎಲ್ಲರೂ ಬಿಡುಗಡೆಯಾಗುವವರೆಗೂ ತಿದ್ದುತ್ತಲೇ ಇದ್ದೆ. ಠಾಣೆಯ ಪ್ರತಿಯನ್ನು ಮಾತ್ರ ಬಿಡಿಸಿಕೊಳ್ಳುವಂತಿರಲಿಲ್ಲ. ಬೀದಿಯಲ್ಲಿ ಬೂಟಿನ ಸದ್ದಾದಾಗಲೆಲ್ಲ ಆ ಭುಜ ನೆನಪಾಗುತ್ತಿತ್ತು.

ಮುಂದೆ ಒಳ್ಳೆಯ ಲೆನ್ಸುಗಳು, ಬಲ್ಬಿನ ಫ್ಲ್ಯಾಷ್ ಎಲ್ಲ ಬಂದವು, ನೂರಾರು ಕಚೇರಿ ತೆಗೆದೆ. ಕಸುಬು ನನಗೆ ಕಲಿಸಿದ್ದು ಇಷ್ಟು: ಚಿತ್ರದಲ್ಲಿ ಏನು ಕಾಣುತ್ತದೆ ಎಂಬುದು ತೆಗೆದವನ ಕೈಯಲ್ಲಿ ಅರ್ಧ ಮಾತ್ರ, ಇನ್ನರ್ಧ ನೋಡುವವರ ಕೈಯಲ್ಲಿ. ಆ ಪೇದೆಗೆ ಮೇಷ್ಟ್ರ ಮುಖ ಗೊತ್ತಿತ್ತು. ಒಂದೇ ಒಂದು ಸಂಜೆ ಅವನು ಕೂತು ಅವರ ಮೃದಂಗ ಕೇಳಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಕೈ ಬೆವರುತ್ತದೆ.